ಒಂದು ಅಮಾಸಿ ತಡೀರಿ

ಚಾಚಾರ ಎಡಗಿವಿಗೆ ಮನುಷ್ಯರ ಮಾತು ಕೇಳಿಸುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಲಾರಿಯ ಟೈರೊಂದು ಪಕ್ಕದಲ್ಲೇ ಸಿಡಿದು ಆ ಕಿವಿಯ ತಮಟೆ ಹರಿದಿತ್ತಂತೆ. ಆದರೆ ಇಂಜಿನ್ನಿನ ಮಾತನ್ನು ಅವರು ಕೇಳುತ್ತಿದ್ದುದು ಅದೇ ಕಿವಿಯಿಂದ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆ ಹಿಡಿ ವರ್ಷಗಟ್ಟಲೆ ಒತ್ತಿ ಒತ್ತಿ ಕಿವಿಯ ಹಿಂದೆ ಹುಣಸೆಬೀಜದಷ್ಟು ಕಪ್ಪು ಗುರುತು ಬಿದ್ದಿತ್ತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಶಬ್ದ ಗಾಳಿಯಲ್ಲಷ್ಟೇ ಅಲ್ಲ, ಎಲುಬಿನಲ್ಲೂ ಹರಿಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ಪುಸ್ತಕದ ಚಿತ್ರ ತೋರಿಸುವುದಿಲ್ಲ, ಚಾಚಾರ ಕಿವಿಯ ಕಥೆ ಹೇಳುತ್ತೇನೆ.

ಅವರ ಗ್ಯಾರೇಜು ದೊಡ್ಡದೇನಲ್ಲ. ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯಲ್ಲಿ, ಹತ್ತಿ ಅಡತಿ ಅಂಗಡಿಗಳು ಮುಗಿದು ಭತ್ತದ ಗದ್ದೆ ಶುರುವಾಗುವ ಕಡೆ ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕು ತಗಡು. ಬೋರ್ಡು ಇರಲಿಲ್ಲ. ಮಿಸ್ತ್ರಿ ಕಡೆ ಎಂದರೆ ಊರಿಗೆಲ್ಲ ಗೊತ್ತು. ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು, ಕಪ್ಪಿನ ಅಂಚಿಗೆ ಗ್ರೀಸ್ ಹತ್ತುತ್ತದೆ ಎಂದು. ಗಾಡಿ ರಿಪೇರಿಯಾಯಿತು ಎಂದು ಅವರ ಬಾಯಿಂದ ಯಾರೂ ಕೇಳಿದ್ದಿಲ್ಲ. "ಸದ್ಯಕ್ಕ ನಡೀತದ" ಎನ್ನುವುದೇ ಅವರು ಕೊಡುವ ದೊಡ್ಡ ಭರವಸೆ. ಮಾತು ಬೇಡವೆನಿಸಿದಾಗ ಮುಖ ತಿರುಗಿಸಿ ಎಡಗಿವಿಯನ್ನು ನಮ್ಮ ಕಡೆ ಮಾಡುತ್ತಿದ್ದರು. ಚೌಕಾಶಿ ಮಾಡುವವರಿಗೆಲ್ಲ ಸಿಗುತ್ತಿದ್ದುದು ಆ ಕಿವಿಯೇ.

ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಕೊನೆಯವರೆಗೂ ಮೇಡಂ ಎಂದರು. ಪರಿಚಯವಾದದ್ದು ಕಾರು ಕಲಿಯುವ ನೆಪದಲ್ಲಿ. ಆಗ ನನಗೆ ಮೂವತ್ತೆಂಟು. ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯುವ ಹೆಂಗಸನ್ನು ನೋಡಲು ಮೈದಾನದ ಸುತ್ತ ಜನ ನಿಲ್ಲುತ್ತಿದ್ದ ಕಾಲ ಅದು. ಚಾಚಾ ತಮ್ಮ ಹಳೆಯ ಜೀಪಿನಲ್ಲಿ ನನ್ನ ಎಡಕ್ಕೆ ಕೂರುತ್ತಿದ್ದರು, ಅಲ್ಲಿ ಕೂತರೆ ಅವರ ಬಲಗಿವಿ ನನ್ನ ಕಡೆ ಇರುತ್ತಿತ್ತು. ಕೂತವರು ಏನನ್ನೂ ಕಲಿಸುತ್ತಿರಲಿಲ್ಲ ಎನ್ನಬೇಕು. ಗೇರ್ ತಪ್ಪಿ ಜೀಪು ಕಿರುಚಿಕೊಂಡರೆ ಹಲ್ಲು ನೋವು ಬಂದವರಂತೆ ಮುಖ ಮಾಡುತ್ತಿದ್ದರು, ಅಷ್ಟೇ. ಮೂರನೆಯ ದಿನ ಮಾತ್ರ ಒಂದು ಮಾತು ಹೇಳಿದರು.

"ಕಣ್ಣು ರಸ್ತಾ ನೋಡಲಿ ಮೇಡಂ, ಕಿವಿ ಗಾಡಿ ನೋಡಲಿ. ನಿಮ್ಮ ಕಿವಿ ಆ ಜನದ ಕಡೀಗಿ ಅದ."

ಅಂದಿನಿಂದ ನಾನು ಜನ ನೋಡುವುದನ್ನು ಬಿಟ್ಟೆ. ಜೀಪೂ ಕಿರುಚುವುದನ್ನು ಬಿಟ್ಟಿತು.

ಚಾಚಾರದು ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿ ಇದ್ದವರೆಲ್ಲ ಗಾಡಿ ತೊಳೆದು ಪೂಜೆ ಮಾಡುತ್ತಾರೆ, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಯಾರಾದರೂ ಹಳೆಯ ಗಾಡಿ ಕೊಳ್ಳಲು ಸಲಹೆ ಕೇಳಿ ಬಂದರೆ ಚಾಚಾ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಇಟ್ಟು ಕೇಳಿ, ಏನೇನು ಕೆಟ್ಟಿದೆ ಎಂಬುದನ್ನೆಲ್ಲ ಹೇಳುತ್ತಿದ್ದರು. ತಗೊಳ್ಳಬೇಕೋ ಬೇಡವೋ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. "ಒಂದು ಅಮಾಸಿ ತಡೀರಿ" ಎನ್ನುತ್ತಿದ್ದರು. ಮಾರುವವರನ್ನು ಒಪ್ಪಿಸಿ ಆ ಒಂದು ದಿನದ ಮಟ್ಟಿಗೆ ಗಾಡಿಯನ್ನು ಕೊಳ್ಳುವವರ ಮನೆಯ ಮುಂದೆ ನಿಲ್ಲಿಸುತ್ತಿದ್ದರು. ಕೊಳ್ಳುವವರು ತಾವೇ, ತಮ್ಮ ಕೈಯಿಂದಲೇ, ಒಳಗೆ ಹೊರಗೆ ತೊಳೆಯಬೇಕು. ಆಳು ಹಚ್ಚುವಂತಿಲ್ಲ. ಸಂಜೆ ಬಂದು ಹೇಗನಿಸಿತು ಎಂದು ಹೇಳಬೇಕು. ಎಷ್ಟೋ ವ್ಯವಹಾರ ಹೀಗೆ ಅರ್ಧ ಗಾಡಿ ತೊಳೆಯುವಷ್ಟರಲ್ಲಿ ಮುರಿದುಬಿದ್ದಿವೆ. ಮಾರುವವರು ಬೈದುಕೊಳ್ಳುತ್ತಿದ್ದರು. ಒಮ್ಮೆ ನಾನು, ಚಾಚಾ ನಿಮಗ್ಯಾಕ ಅಮಾಸಿ, ಎಂದು ರೇಗಿಸಿದ್ದೆ. ಪೂಜೆ ನಿಮ್ಮದು, ತೊಳೆಯುವುದು ಮಾತ್ರ ನನ್ನ ಕೆಲಸಕ್ಕೆ ಬೇಕು ಎಂದಿದ್ದರು.

ಆ ಪದ್ಧತಿಗೆ ನಾನೇ ಸಿಕ್ಕಿಬೀಳುವ ಕಾಲ ಬಂತು. ನನಗೆ ಯಾದಗಿರಿಗೆ ವರ್ಗವಾಯಿತು. ಶಹಾಪುರದಿಂದ ದಿನಾ ಹೋಗಿಬರಬೇಕು. ಔಷಧ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಲೆಕ್ಕಾಚಾರದ ಮನುಷ್ಯ. ಒಂದು ಹೊಸ ಸಣ್ಣ ಕಾರು ನೋಡಿಟ್ಟರು. ಬಿಳಿ ಬಣ್ಣ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಕೆಟ್ಟರೆ ಕಂಪನಿಯವರೇ ಬಂದು ಒಯ್ಯುತ್ತಾರೆ. ಬೇಡವೆನ್ನಲು ಅದರಲ್ಲಿ ಏನೂ ಇರಲಿಲ್ಲ. ಕೂಡಿಟ್ಟ ಹಣವೂ ಸರಿಯಾಗಿ ಅಷ್ಟೇ ಇತ್ತು.

ಅದೇ ವಾರ ಚಾಚಾ, ಸುರಪುರದಿಂದ ಒಂದು ಗಾಡಿ ತರಬೇಕು, ಬರುತ್ತೀರಾ, ಜೀಪು ನಾನು ಹೊಡೆದುಕೊಂಡು ಬರುತ್ತೇನೆ, ಅದನ್ನು ನೀವು ತನ್ನಿ ಎಂದರು. ಸುರಪುರದಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲು ನಡೆಸಿ ವಯಸ್ಸಾಗಿ ನಿಲ್ಲಿಸಿದ ಮಾಲಕರೊಬ್ಬರಿದ್ದರು. ಅವರ ಕಾರನ್ನು ಮೂವತ್ತು ವರ್ಷದಿಂದ ನೋಡಿಕೊಂಡವರು ಚಾಚಾನೇ. ಈಗ ಮಾಲಕರ ಮೊಣಕಾಲು ಕ್ಲಚ್ ತುಳಿಯಲು ಒಪ್ಪುತ್ತಿರಲಿಲ್ಲ. ಮಾರಿಬಿಡು ಎಂದು ಚಾಚಾರಿಗೇ ಒಪ್ಪಿಸಿದ್ದರು.

ಕಂಪನಿಯ ಹೆಸರು ಬರೆಯುವುದಿಲ್ಲ. ಹೊರಗಿನಿಂದ ನೋಡಿದರೆ ಅದು ಆ ಕಾಲದಲ್ಲಿ ಬಾಡಿಗೆಗೆ ಓಡುತ್ತಿದ್ದ ಸಾಮಾನ್ಯ ಕಾರೇ. ಆದರೆ ಅದೇ ಮೈಯೊಳಗೆ ದೊಡ್ಡ ಇಂಜಿನ್ ಇಟ್ಟು, ಎರಡು ಕಾರ್ಬುರೇಟರ್ ಕೂರಿಸಿ, ವೇಗಕ್ಕೆಂದೇ ಕಂಪನಿಯವರು ಕೆಲವೇ ಕೆಲವು ಮಾಡಿದ್ದರಂತೆ. ಕೆನೆ ಬಣ್ಣ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಮರಳಿ ಬಣ್ಣ ಹೊಡೆಸಿಲ್ಲ, ಕಂಪನಿಯಲ್ಲಿ ಹೊಡೆದದ್ದೇ ಇದೆ ಎಂದು ಮಾಲಕರು ನನಗೆ ಎರಡು ಸಲ ಹೇಳಿದರು.

ಸುರಪುರದ ಕಲ್ಲುಗುಡ್ಡ ಇಳಿದು ನೇರ ರಸ್ತೆಗೆ ಬಂದಾಗ ಮೂರನೆಯ ಗೇರಿನಲ್ಲಿ ಸ್ವಲ್ಪ ಒತ್ತಿದೆ. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಎರಡೂ ಬದಿಯ ಭತ್ತದ ಹಸಿರು ಒಂದೇ ಗೆರೆಯಾಗಿ ಹಿಂದಕ್ಕೆ ಹೋಯಿತು. ಕನ್ನಡಿಯಲ್ಲಿ ಚಾಚಾರ ಜೀಪು ಚುಕ್ಕೆಯಾಯಿತು. ನಾನು ನಕ್ಕೆ, ಒಬ್ಬಳೇ, ಜೋರಾಗಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಹುಟ್ಟಿದ ಮನೆಯಲ್ಲೂ ಕೊಟ್ಟ ಮನೆಯಲ್ಲೂ ಯಾವ ವಸ್ತು ತಂದರೂ ಮೊದಲ ಪ್ರಶ್ನೆ, ಬಾಳಿಕೆ ಬರುತ್ತದೆಯೇ ಎಂಬುದು. ಬಣ್ಣ ಬಿಡದ ಸೀರೆ, ತುಕ್ಕು ಹಿಡಿಯದ ಪಾತ್ರೆ, ಹತ್ತು ವರ್ಷ ಸವೆಯದ ಚಪ್ಪಲಿ ಇದ್ದರೆ ಅದೂ. ಬರೀ ಸಂತೋಷಕ್ಕೆಂದು ನಾನು ಏನನ್ನೂ ಕೊಂಡವಳಲ್ಲ.

ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಇಳಿದಾಗ ಚಾಚಾ ಜೀಪಿನಲ್ಲಿ ಬಂದು ಸೇರಿದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. ಬೆಲೆ ಕೇಳಿದೆ. ನಮ್ಮ ಮನೆಯವರು ನೋಡಿಟ್ಟ ಹೊಸ ಕಾರಿನಷ್ಟೇ ಇತ್ತು. ಇಷ್ಟು ಹಳೆಯದಕ್ಕೆ ಹೊಸದರ ಬೆಲೆಯೇ ಎಂದೆ. ಇದೇ ಕಾರಿನ ಸಾದಾ ಇಂಜಿನ್ನಿನದು ಇದರ ಕಾಲು ಭಾಗಕ್ಕೆ ಸಿಗುತ್ತದೆ, ಉಳಿದ ಮುಕ್ಕಾಲು ಆ ನಗುವಿಗೆ ಎಂದರು.

ಆಮೇಲೆ ಶುರುವಾಯಿತು ನೋಡಿ ದೋಷಗಳ ಪಟ್ಟಿ. ಲೀಟರಿಗೆ ಎಂಟು ಕಿಲೋಮೀಟರ್ ಓಡಿದರೆ ಪುಣ್ಯ. ಬಿಡಿಭಾಗ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ ಹುಡುಕಬೇಕು, ಸಿಕ್ಕರೆ ಸಿಕ್ಕಿತು. ರಬ್ಬರೆಲ್ಲ ಒಣಗಿದೆ. ಎರಡು ಕಾರ್ಬುರೇಟರ್ ಎಂದರೆ ಇಬ್ಬರು ಸವತಿಯರಿದ್ದ ಹಾಗೆ, ಒಬ್ಬಳನ್ನು ಸರಿಮಾಡಿದರೆ ಇನ್ನೊಬ್ಬಳು ಮುನಿಯುತ್ತಾಳೆ. ಬೇಸಿಗೆಯಲ್ಲಿ ಬಿಸಿಯಾಗಿ ನಿಲ್ಲುತ್ತದೆ, ಯಾದಗಿರಿಯ ಬೇಸಿಗೆ ನಿಮಗೇ ಗೊತ್ತಲ್ಲ. ಹೇಳುತ್ತಲೇ ಹೋದರು. ಇವರು ಇದನ್ನು ನನಗೆ ಮಾರಬಾರದೆಂದೇ ನಿಶ್ಚಯಿಸಿದ್ದಾರೆ ಎನಿಸಿತು. ಕೊನೆಗೆ ಬೇಸತ್ತು ಕೇಳಿದೆ.

"ನೀವಾಗಿದ್ರ ತಗೋತಿದ್ರೇನು ಚಾಚಾ?"

"ನನ್ನ ಕೇಳಬ್ಯಾಡ್ರಿ. ಅಮಾಸಿಗಿ ಇನ್ನಾ ಐದು ದಿನ ಅದ."

ಆ ಐದು ದಿನ ಮನೆಯಲ್ಲಿ ಆದ ಮಾತುಕತೆ ಎಲ್ಲರೂ ಊಹಿಸಬಹುದಾದದ್ದೇ. ನಮ್ಮ ಮನೆಯವರು ಜಗಳವಾಡಲಿಲ್ಲ. ಒಂದು ಕಾಗದದ ಮೇಲೆ ಎರಡೂ ಕಾರಿನ ಹೆಸರು ಬರೆದು ಅದರ ಕೆಳಗೆ ಗುಣ-ದೋಷ ಬರೆದು ನನ್ನ ಪುಸ್ತಕದಲ್ಲಿ ಇಟ್ಟರು. ಹಳೆಯ ಕಾರಿನ ಗುಣದ ಕೆಳಗೆ ಒಂದೇ ಸಾಲು ಇತ್ತು: 'ನಿನಗೆ ಮನಸ್ಸಿದೆ.' ಅದನ್ನು ಓದಿ ನನಗೆ ಇನ್ನಷ್ಟು ಕಷ್ಟವಾಯಿತು. ಬೈದಿದ್ದರೆ ಹಟ ಹಿಡಿಯುವುದು ಸುಲಭವಿತ್ತು.

ಅಮಾವಾಸ್ಯೆಯ ಬೆಳಗ್ಗೆ ಚಾಚಾ ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ನಡೆದುಕೊಂಡೇ ಹೋದರು. ಆರು ಗಂಟೆಗೆ ಬಕೆಟ್ಟು ಹಿಡಿದವಳು ಮುಗಿಸಿದಾಗ ಹನ್ನೊಂದು. ತೊಳೆಯುವಾಗ ಕೈಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಲಗಡೆಯ ಹಿಂಬಾಗಿಲ ಮೇಲೆ ಯಾವ ಕಾಲದ್ದೋ ಸಣ್ಣ ತಗ್ಗು. ಸೀಟಿನ ಕೆಳಗೆ ಒಂದು ಹತ್ತಿಕಾಳು, ಮುದುಡಿದ ಬಸ್ ಟಿಕೇಟು. ಎಡಬಾಗಿಲ ಕೆಳಗಿನ ಪಟ್ಟಿಯಲ್ಲಿ ಬೆರಳು ಹೋದಾಗ ತಗಡು ಪುಡಿಪುಡಿಯಾಗಿ ಉದುರಿತು, ಅಂಗೈ ಅಗಲದ ತುಕ್ಕು.

ತೊಳೆದು ಒರೆಸಿದ ಮೇಲೆ ಆ ಕೆನೆ ಬಣ್ಣ ಬಿಸಿಲಿಗೆ ಹೊಳೆಯುವುದು ನೋಡಿ ಮನಸ್ಸು ತುಂಬಿ ಬಂತು. ಅತ್ತೆ ಪೂಜೆಯ ತಟ್ಟೆ ತಂದರು. ಅಂಗಡಿಯಿಂದ ತಂದ ಗಾಢ ಕೆಂಪು ಕುಂಕುಮ, ಗಾಳಿಗೆ ಹಾರಬಾರದೆಂದು ಎಣ್ಣೆಯಲ್ಲಿ ಕಲಸಿದ್ದರು. ಬಾನೆಟ್ಟಿನ ನಟ್ಟನಡುವೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಸುತ್ತ ಐದು ಕಡೆ ಕುಂಕುಮ ಹಚ್ಚಿದೆ. ಬೊಟ್ಟಲ್ಲ, ಖುಷಿಯಲ್ಲಿ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಹಚ್ಚಿದೆ. ತೆಂಗಿನಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ, ಊಟ ಮಾಡಿ ಮಲಗಿದೆ. ಕಾರು ಸಂಜೆಯವರೆಗೆ ಬಿಸಿಲಲ್ಲಿ ನಿಂತಿತ್ತು.

ಸಂಜೆ ಗ್ಯಾರೇಜಿಗೆ ಒಯ್ದಾಗ ಚಾಚಾ ನನ್ನ ಮುಖ ನೋಡಲಿಲ್ಲ, ಬಾನೆಟ್ ನೋಡಿದರು. ಹೆಗಲ ಮೇಲಿನ ಬಟ್ಟೆ ತೆಗೆದು ಮೆಲ್ಲಗೆ ಒರೆಸಿದರು. ಕುಂಕುಮ ಹೋಯಿತು, ಅದರ ಬಣ್ಣ ಹೋಗಲಿಲ್ಲ. ಸೀಮೆಎಣ್ಣೆ ಹಚ್ಚಿದರು, ಪಾಲಿಶ್ ಹಾಕಿ ತಿಕ್ಕಿದರು. ಐದು ಗುಲಾಬಿ ಕಲೆ ಹಾಗೇ ಉಳಿದವು. ಹಳೆಯ ಬಣ್ಣ ಎಣ್ಣೆ ಕುಂಕುಮವನ್ನು ಬಿಸಿಲಲ್ಲಿ ಕುಡಿದುಬಿಟ್ಟಿತ್ತು.

ಚಾಚಾ ಕಲ್ಲಿನ ಮೇಲೆ ಕೂತು ನಿಧಾನಕ್ಕೆ ಹೇಳಿದ್ದು ಇಷ್ಟು. ಮೂವತ್ತು ವರ್ಷ ಈ ಗಾಡಿಗೆ ಪ್ರತಿ ಅಮಾವಾಸ್ಯೆ ಪೂಜೆಯಾಗಿದೆ, ಆದರೆ ಬಣ್ಣಕ್ಕೆ ಕುಂಕುಮ ತಾಗಿಲ್ಲ. ಬಾನೆಟ್ಟಿನ ಮೇಲೆ ವೀಳ್ಯದೆಲೆ ಅಂಟಿಸಿ, ಎಲೆಯ ಮೇಲೆ ಕುಂಕುಮ ಹಚ್ಚಬೇಕೆಂದು ಮಾಲಕರಿಗೆ ಅವರೇ ಹೇಳಿಕೊಟ್ಟಿದ್ದರು. ಹೈದರಾಬಾದಿನಲ್ಲಿ ಹಳೆಯ ಕಾರು ಕೂಡಿಡುವ ಒಬ್ಬ ಶ್ರೀಮಂತ ಇದ್ದಾನೆ, ಕಂಪನಿಯ ಬಣ್ಣ ಇದೆಯೆಂಬ ಕಾರಣಕ್ಕೇ ಬರುವ ವಾರ ನೋಡಲು ಬರುತ್ತೇನೆ ಎಂದಿದ್ದಾನೆ. ನನಗೆ ಎಲೆಯ ಮಾತು ಹೇಳುವುದನ್ನು ಚಾಚಾ ಮರೆತಿದ್ದರು.

ನಾನು ಅಲ್ಲೇ ಹೇಳಿಬಿಟ್ಟೆ. ಹಾಳು ಮಾಡಿದವಳು ನಾನು, ನಾನೇ ತಗೋತೀನಿ, ಇನ್ನು ಯೋಚನೆ ಮಾಡುವುದೇನೂ ಉಳಿದಿಲ್ಲ ಎಂದೆ. ಹೇಳುವಾಗ ಒಳಗೊಳಗೆ ನಿರಾಳವೂ ಆಯಿತು. ತೀರ್ಮಾನ ನನ್ನ ತಲೆಯಿಂದ ಇಳಿದಿತ್ತು. ಮನೆಯಲ್ಲಿ ಹೇಳಲು ಕಾರಣವೂ ಸಿಕ್ಕಿತ್ತು.

ಚಾಚಾ ತಲೆಯೆತ್ತಿ ನೋಡಿದರು.

"ಕಲಿ ಬಿತ್ತಂತ ಯಾರರ ಮದುವಿ ಮಾಡ್ಕೋತಾರೇನ್ರಿ ಮೇಡಂ? ಹಂಗ ತಗೊಂಡ್ರ ನಾಳಿ ಗಾಡಿ ಕೆಟ್ಟಾಗೆಲ್ಲ ಇದರ ಮ್ಯಾಲ ಸಿಟ್ಟು ಮಾಡ್ಕೋತೀರಿ. ಇದು ಕೊಡಂಗಿಲ್ಲ ನಿಮಗ."

ಮರುದಿನ ಮುಂಜಾನೆ ತಾವೇ ಕಾರು ತೆಗೆದುಕೊಂಡು ಸುರಪುರಕ್ಕೆ ಹೋದರು. ತಪ್ಪು ತಮ್ಮದೆಂದು ಮಾಲಕರಿಗೆ ಹೇಳಿದರು. ಮಾಲಕರು ಬಾನೆಟ್ಟಿನ ಮೇಲೆ ಬಹಳ ಹೊತ್ತು ಕೈಯಾಡಿಸಿ, ಮೂವತ್ತು ವರ್ಷದಲ್ಲಿ ನಿನ್ನಿಂದ ಇದೊಂದು ಎಂದರಂತೆ. ಆ ಮಾತು ಚಾಚಾರಿಗೆ ಎಷ್ಟು ತಾಗಿತೆಂಬುದು ಅವರು ಅದನ್ನು ನನಗೆ ಹೇಳಿದ ರೀತಿಯಲ್ಲೇ ತಿಳಿಯಿತು. ನಾನು ಜೊತೆಗೆ ಬರುತ್ತೇನೆಂದರೆ ಎಡಗಿವಿ ತಿರುಗಿಸಿದ್ದರು.

ವಾಪಸ್ ಬಂದ ಮೇಲೆ ನನ್ನನ್ನು ಕರೆಸಿದರು. ಕಲೆಯ ವಿಷಯ ತಮಗೂ ಮಾಲಕರಿಗೂ ಮುಗಿಯಿತು, ಈಗ ಅದನ್ನು ಮರೆತು ತೊಳೆದದ್ದರ ಬಗ್ಗೆ ಮಾತ್ರ ಹೇಳಿ ಎಂದರು. ಎಡಬಾಗಿಲ ಕೆಳಗೆ ತುಕ್ಕು ಸಿಕ್ಕಿದ್ದನ್ನು ಹೇಳಿದೆ. ಅದು ಸಿಕ್ಕಾಗ ಏನನಿಸಿತು ಎಂದು ಕೇಳಿದರು. ನಿಜ ಹೇಳಿದೆ. ಬೆಲೆ ಇಳಿಸಲು ಒಂದು ಕಾರಣ ಸಿಕ್ಕಿತು ಎಂದು ನನಗೆ ಹೊಳೆಯಲೇ ಇಲ್ಲ. ಮಗುವಿಗೆ ಸ್ನಾನ ಮಾಡಿಸುವಾಗ ಕಾಲಿನಲ್ಲಿ ಗಾಯ ಕಂಡರೆ ಇದು ಯಾವಾಗಾಯಿತು ಎಂದು ಜೀವ ಚುರ್ ಎನ್ನುತ್ತದಲ್ಲ, ಹಾಗಾಯಿತು ಎಂದೆ. ಹೇಳಿದ ಮೇಲೆ ಒಂದು ತಗಡಿನ ಬಗ್ಗೆ ಹೀಗೆ ಮಾತಾಡಿದೆನಲ್ಲ ಎಂದು ನಾಚಿಕೆಯಾಯಿತು.

ಚಾಚಾ ಬಸಿಯಲ್ಲಿದ್ದ ಚಹಾ ಮುಗಿಸಿದರು.

"ತಗೋರಿ" ಎಂದರು. "ಅವತ್ತೇ ಹೇಳಬಹುದಿತ್ತು. ಖರೆ ಹೇಳ್ತೀನಿ ಮೇಡಂ, ಈ ಗಾಡಿ ಊರು ಬಿಟ್ಟು ಹೋಗಬಾರದಂತ ನನಗ ಭಾಳ ಆಸೆ ಇತ್ತು. ಆಸೆ ಇದ್ದವನ ಬಾಯಿ ಸಾಕ್ಷಿಗಿ ಬರಂಗಿಲ್ಲ. ಅದಕ್ಕ ಕೆಟ್ಟದ್ದೇ ಹೇಳಿದೆ."

ಅಷ್ಟು ಉದ್ದದ ಪಟ್ಟಿ ಯಾಕೆ ಹೇಳಿದರೆಂದು ಆಗ ಅರ್ಥವಾಯಿತು. ನನ್ನನ್ನು ತಡೆಯಲಿಕ್ಕಲ್ಲ, ತಮ್ಮನ್ನು ತಾವು ತಡೆದುಕೊಳ್ಳಲಿಕ್ಕೆ. ಹೈದರಾಬಾದಿನವನು ಫೋನಿನಲ್ಲಿ ಕಲೆಯ ಮಾತು ಕೇಳಿ ಬರಲೇ ಇಲ್ಲ. ನಾನು ಕಾರು ಕೊಂಡೆ, ಕಲೆಗೆಂದು ಬೆಲೆ ಇಳಿಸದೆ, ಮಾಲಕರು ಹೇಳಿದಷ್ಟೇ ಕೊಟ್ಟು.

ಆಮೇಲಿನ ಆರು ವರ್ಷ ಬರೀ ಸುಖವಾಗಿತ್ತು ಎಂದು ಬರೆದರೆ ಚಾಚಾ ಎಡಗಿವಿ ತಿರುಗಿಸುತ್ತಾರೆ. ಅವರು ಹೇಳಿದ ಒಂದೊಂದು ದೋಷವೂ ಹೇಳಿದ ಕ್ರಮದಲ್ಲೇ ಬಂತು. ಒಂದು ಗ್ಯಾಸ್ಕೆಟ್ ಸಿಗದೆ ಕಾರು ಎರಡು ತಿಂಗಳು ಬೇವಿನ ಮರದ ಕೆಳಗೆ ನಿಂತಿತು, ನಾನು ಬಸ್ಸಿನಲ್ಲಿ ಓಡಾಡಿದೆ. "ಕಾರ್ ಇದ್ದವರು ಬಸ್ ಸ್ಟ್ಯಾಂಡಿನಾಗ ನಿಂತಾರಲ್ಲಪ" ಎಂದು ನಮ್ಮ ಮನೆಯವರು ಡಬ್ಬಿ ಕೈಗೆ ಕೊಡುವಾಗ ದಿನಾ ಅನ್ನುತ್ತಿದ್ದರು. ಪೆಟ್ರೋಲ್ ಬಂಕಿನವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅದೇ ಕಾರು ಯಾವುದೋ ಮುಂಜಾನೆ, ಮಳೆ ಬಿದ್ದು ತೊಳೆದ ರಸ್ತೆಯಲ್ಲಿ, ಭೀಮಾ ಸೇತುವೆಯವರೆಗೂ ಒಂದೇ ಉಸಿರಿನಲ್ಲಿ ಹಾಡಿಕೊಂಡು ಹೋಗುತ್ತಿತ್ತು. ಅಂಥ ದಿನ ಮೊದಲ ತರಗತಿಯಲ್ಲಿ ನಾನು ಒಳ್ಳೆಯ ಪಾಠ ಮಾಡಿದ್ದೇನೆ.

ಒಂದು ಸಲ ನಮ್ಮಿಬ್ಬರಿಗೂ ಜಗಳವಾಯಿತು. ಪ್ರಾಯೋಗಿಕ ಪರೀಕ್ಷೆಯ ದಿನ ಅದೇ ಭೀಮಾ ಸೇತುವೆಯ ಹತ್ತಿರ ಕಾರು ನಿಂತುಬಿಟ್ಟಿತು. ಪರೀಕ್ಷಕಿಯಾದ ನಾನೇ ಒಂದು ಗಂಟೆ ತಡ. ಪ್ರಾಂಶುಪಾಲರಿಂದ ವಿದ್ಯಾರ್ಥಿಗಳ ಎದುರಿಗೇ ಮಾತು ಕೇಳಬೇಕಾಯಿತು. ಸಂಜೆ ಗ್ಯಾರೇಜಿಗೆ ಬಂದವಳು ಬಾಯಿಗೆ ಬಂದಂತೆ ಮಾತಾಡಿದೆ, ಮಾರಿಬಿಡುತ್ತೇನೆ ಎಂದೆ. "ಮಾರ್ರಿ. ನಾಳಿಗೇ ಮಾರ್ರಿ" ಎಂದು ಚಾಚಾ ಮುಖ ತಿರುಗಿಸಿದರು. ಅವರೂ ಸಿಟ್ಟಿನ ಮನುಷ್ಯ, ನಾನೂ ಕಡಿಮೆಯವಳಲ್ಲ. ಎಂಟು ದಿನ ಮಾತಿಲ್ಲ. ಒಂಬತ್ತನೆಯ ದಿನ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅವರೇ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಸಣ್ಣ ಸ್ಕ್ರೂ. ಕಾರು ನಿಲ್ಲುವ ಹಿಂದಿನ ವಾರ ಅದನ್ನು ಬಿಗಿಮಾಡುವುದನ್ನು ತಾವೇ ಬಿಟ್ಟಿದ್ದರು, ಕಣ್ಣು ಮಂಜಾಗಿತ್ತು, ಕನ್ನಡಕ ಹಾಕಲು ನಾಚಿಕೆಪಟ್ಟಿದ್ದರು. "ತಪ್ಪು ನಂದು. ಗಾಡೀದಲ್ಲ" ಎಂದರು. ಕ್ಷಮೆ ಕೇಳಲು ಬಂದಿದ್ದರೋ, ಕಾರಿನ ಮೇಲಿನ ಅಪವಾದ ತೆಗೆಯಲು ಬಂದಿದ್ದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಮರುವಾರದಿಂದ ಕನ್ನಡಕ ಬಂತು. ಸ್ಕ್ರೂಡ್ರೈವರ್ ಕಿವಿಗೆ ಒತ್ತುವಾಗ ಅದು ಅಡ್ಡ ಬರುತ್ತದೆಂದು ಬೈದುಕೊಳ್ಳುತ್ತಿದ್ದರು.

ಪ್ರತಿ ಅಮಾವಾಸ್ಯೆ ನಾನು ತಪ್ಪದೆ ತೊಳೆದೆ. ತಪ್ಪದೆ ಬಾನೆಟ್ಟಿಗೆ ಐದು ವೀಳ್ಯದೆಲೆ ಅಂಟಿಸಿದೆ, ಸರಿಯಾಗಿ ಆ ಐದು ಕಲೆಗಳ ಮೇಲೆ.

ಆರನೆಯ ವರ್ಷ ಚಾಚಾರಿಗೆ ದಮ್ಮು ಹೆಚ್ಚಾಯಿತು. ಕಲಬುರಗಿಯ ದವಾಖಾನೆಯಿಂದ ಬಂದವರು ಮತ್ತೆ ಗ್ಯಾರೇಜಿಗೆ ಹೋಗಲಿಲ್ಲ. ಮಾತಾಡಿದರೆ ಆಯಾಸವಾಗುತ್ತದೆಂದು ಮನೆಯ ಮುಂದಿನ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಓಣಿಯಲ್ಲಿ ಹೋಗುವ ಗಾಡಿಗಳ ಸದ್ದಿಗೆ ಮಾತ್ರ ಅವರ ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. ಒಂದು ದಿನ ಚಾಚಿ, ಅಂದರೆ ಅವರ ಹೆಂಡತಿ, ಫೋನು ಮಾಡಿ, ಈ ಅಮಾಸಿಗೆ ಗಾಡಿ ಇಲ್ಲೇ ತಂದು ತೊಳೆಯಬೇಕಂತೆ ಎಂದರು.

ಒಯ್ದೆ. ಚಾಚಿ ಬಕೆಟ್ಟಿನಲ್ಲಿ ನೀರು ತುಂಬಿ ತುಂಬಿ ಕೊಟ್ಟರು. ನಾನು ತೊಳೆಯುವುದನ್ನು ಚಾಚಾ ಕುರ್ಚಿಯಿಂದ ನೋಡುತ್ತಿದ್ದರು, ಎಲ್ಲಿ ಬಿಟ್ಟೆನೋ ಅಲ್ಲಿಗೆ ಬೆರಳು ತೋರಿಸುತ್ತಿದ್ದರು. ತೊಳೆದಾದ ಮೇಲೆ ಇಂಜಿನ್ ಚಾಲೂ ಮಾಡಿಸಿದರು. ಚಾಚಿ ಒಳಗಿನಿಂದ ಆ ಉದ್ದ ಸ್ಕ್ರೂಡ್ರೈವರ್ ತಂದರು. ಕುರ್ಚಿ ಹತ್ತಿರ ಎಳೆದು ತುದಿಯನ್ನು ನಾನು ಇಂಜಿನ್ನಿಗೆ ಆನಿಸಿ ಹಿಡಿದೆ, ಹಿಡಿಯನ್ನು ಅವರು ಕಿವಿಯ ಹಿಂದಿನ ಆ ಕಪ್ಪು ಗುರುತಿಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಏದುಸಿರು ಬರಬರುತ್ತ ತಗ್ಗಿತು. ಬಹಳ ಹೊತ್ತಿನ ಮೇಲೆ ಹಿಡಿ ಬಿಟ್ಟರು. ಏನಂತದ ಚಾಚಾ ಎಂದೆ. "ಸದ್ಯಕ್ಕ ನಡೀತದ" ಎಂದರು.

ಪೂಜೆಯ ಸಾಮಾನು ಚೀಲದಲ್ಲಿತ್ತು. ಅವರ ಬಾಗಿಲಲ್ಲಿ ಪೂಜೆ ಮಾಡುವುದು ಸರಿಯೋ ಅಲ್ಲವೋ ಎಂದು ಹಿಂಜರಿದೆ, ಮನೆಗೆ ಹೋಗಿ ಮಾಡುತ್ತೇನೆ ಎಂದೆ. ಚಾಚಾ ತಲೆ ಅಲ್ಲಾಡಿಸಿದರು. ಪೂಜೆ ನಿಮ್ಮದು, ಜಾಗ ನಂದು, ಗಾಡಿ ಇಬ್ಬರದು, ಮಾಡಿ ಎಂದರು. ನಾನು ವಾಡಿಕೆಯಂತೆ ಐದು ವೀಳ್ಯದೆಲೆ ತೆಗೆದು ನೀರು ಸವರಿ ಒಂದೊಂದಾಗಿ ಅಂಟಿಸಿದೆ. ಕುಂಕುಮದ ಬಟ್ಟಲಿಗೆ ಬೆರಳು ಹಾಕುವಷ್ಟರಲ್ಲಿ ಅವರು ಕೈಯೆತ್ತಿದರು.

"ಎಲಿ ತಗೀರಿ."

ನನಗೆ ತಪ್ಪು ಕೇಳಿಸಿತೇನೋ ಎಂದು ನೋಡಿದೆ. ಕಲೆ ಇನ್ನೂ ದೊಡ್ಡದಾಗುತ್ತದೆ ಚಾಚಾ ಎಂದೆ.

"ಆಗಲಿ. ಎಲಿ ಹಚ್ಚೋದು ಮಾರೋ ಗಾಡಿಗಿ. ಇದು ಮನಿ ಗಾಡಿ ಆಗ್ಯಾದ" ಎಂದು ನಿಲ್ಲಿಸಿ ಉಸಿರೆಳೆದುಕೊಂಡರು. "ಮೈಗೇ ಹಚ್ಚರಿ."

ಮೂವತ್ತು ವರ್ಷ ಆ ಬಣ್ಣ ಕಾದ ಮನುಷ್ಯ. ಆ ಬಣ್ಣಕ್ಕಾಗಿ ಮಾಲಕರ ಮುಂದೆ ತಲೆತಗ್ಗಿಸಿ ನಿಂತ ಮನುಷ್ಯ. ನಾನು ಐದೂ ಎಲೆ ತೆಗೆದೆ. ಕಣ್ಣು ತುಂಬಿ ಬಂದು ಎಲ್ಲಿ ಹಚ್ಚುತ್ತಿದ್ದೇನೆಂದು ಸರಿಯಾಗಿ ಕಾಣಲಿಲ್ಲ. ಹಳೆಯ ಕಲೆಗಳ ಮೇಲೆಯೇ ಹೆಬ್ಬೆರಳಿನಿಂದ ಒತ್ತಿ ಹಚ್ಚಿದೆ. ಚಾಚಾ ಹೌದೆನ್ನುವಂತೆ ಗೋಣು ಹಾಕಿದರು.

ಮುಂದಿನ ಅಮಾವಾಸ್ಯೆಗೆ ಅವರಿರಲಿಲ್ಲ. ಮಣ್ಣಿಗೆ ಹೋದ ದಿನ ಊರಿನ ಲಾರಿಯವರು, ಜೀಪಿನವರು ಓಣಿಯ ಬಾಯಿಯವರೆಗೂ ಗಾಡಿ ನಿಲ್ಲಿಸಿದ್ದರು. ನಾನು ಚಾಚಿಯ ಪಕ್ಕದಲ್ಲಿ ಕೂತಿದ್ದೆ. ಗಾಡಿಗಳೆಲ್ಲ ಒಂದಾದ ಮೇಲೊಂದು ಚಾಲೂ ಆಗುವ ಸದ್ದು ಕೇಳಿತು. ಚಾಚಿ, ಆ ಮೂರನೆಯದರ ಇಂಜಿನ್ ಸರಿ ಇಲ್ಲ, ಅವರಿದ್ದರೆ ಹೇಳುತ್ತಿದ್ದರು ಎಂದು ಅತ್ತರು.

ಕಾರು ಈಗಲೂ ನನ್ನ ಬಳಿ ಇದೆ. ಚಾಚಾರ ಹತ್ತಿರ ಕೆಲಸ ಕಲಿತವನೊಬ್ಬ ನೋಡಿಕೊಳ್ಳುತ್ತಾನೆ. ಅವನು ಸ್ಕ್ರೂಡ್ರೈವರನ್ನು ಬಲಗಿವಿಗೆ ಒತ್ತಿಕೊಳ್ಳುತ್ತಾನೆ, ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲವೇನೋ ಎಂದು ನನಗೆ ಅನುಮಾನ. ಖರ್ಚಿಗೆ ತಕ್ಕುದೇ ಈ ಕಾರು ಎಂದು ಜನ ಈಗಲೂ ಕೇಳುತ್ತಾರೆ. ನಮ್ಮ ಮನೆಯವರ ಆ ಕಾಗದ ಪುಸ್ತಕದಲ್ಲಿ ಹಾಗೇ ಇದೆ. ಅದರಲ್ಲಿ ಬರೆದ ಒಂದು ದೋಷವನ್ನೂ ಸುಳ್ಳೆನ್ನಲಾರೆ. ಒಂದನ್ನು ಪ್ರೀತಿಸುವ ಮುನ್ನ ಅದನ್ನು ಕೈಯಾರೆ ತೊಳೆದು ನೋಡಬೇಕೆಂದು ಕಲಿಸಿದವರ ಋಣಕ್ಕೆ ಆ ಕಾಗದದಲ್ಲಿ ಜಾಗವಿಲ್ಲ.

ಹೋದ ತಿಂಗಳು ಹೈದರಾಬಾದಿನ ಆ ಶ್ರೀಮಂತ ಎಲ್ಲಿಂದಲೋ ನನ್ನ ನಂಬರು ಹಿಡಿದು ಫೋನು ಮಾಡಿದ. ಇಂಥ ಕಾರು ಈಗ ಎಲ್ಲೂ ಉಳಿದಿಲ್ಲ, ಕೇಳಿದಷ್ಟು ಕೊಡುತ್ತೇನೆ ಎಂದ. ಬಣ್ಣ ಕಂಪನಿಯದ್ದೇ ತಾನೇ ಎಂದು ಕೇಳಿದ. ಹೌದು, ಆದರೆ ಬಾನೆಟ್ಟಿನ ಮೇಲೆ ಐದು ಕೆಂಪು ಕಲೆ ಇವೆ, ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತಿವೆ ಎಂದೆ. ಪುಣೆಯಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ಎಂಥ ಕಲೆಯನ್ನೂ ತೆಗೆಯುತ್ತಾರೆ, ಇವನ್ನೂ ತೆಗೆಯಲು ಬರುತ್ತದಲ್ಲ ಎಂದು ಕೇಳಿದ.

ಬರುವುದಿಲ್ಲ ಎಂದೆ.